ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್: ಮೊದಲು ಸೈಜು ನೋಡಿ, ಹೊಳಪು ಆಮೇಲೆ

ಪ್ರಶ್ನೆ: ನನ್ನ ಎತ್ತರ 168 ಸೆಂ.ಮೀ. ಇಷ್ಟು ದಿನ ಗೇರಿಲ್ಲದ ಸಾದಾ ಸೈಕಲ್ ಓಡಿಸಿ ಗೊತ್ತು, ಅಷ್ಟೇ. ಈಗ ಬಾಗಿದ ಹ್ಯಾಂಡಲ್‌ನ ರೋಡ್ ಸೈಕಲ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕು ಅಂತಿದ್ದೇನೆ. ಎರಡು ನೋಡಿ ಬಂದೆ. ಒಂದು ಕಾರ್ಬನ್ ಫ್ರೇಮ್, 56 ಸೈಜು, ಶಿಮಾನೊ ಕಂಪನಿಯ ಅಲ್ಟೆಗ್ರಾ 11 ಗೇರು. ಎಂಟು ವರ್ಷ ಹಳೆಯದು, ಆದರೂ ಫಳಫಳ ಹೊಳೆಯುತ್ತಿದೆ. ಇನ್ನೊಂದು ಅಲ್ಯೂಮಿನಿಯಂ, 52 ಸೈಜು, ಅದೇ ಕಂಪನಿಯ ಸೋರಾ 9 ಗೇರು. ಅಲ್ಲಲ್ಲಿ ಗೀರು ಬಿದ್ದಿದೆ, ಹ್ಯಾಂಡಲ್ ಟೇಪು ಕಿತ್ತು ಬಂದಿದೆ. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಗೆಳೆಯರೆಲ್ಲ ಕಾರ್ಬನ್ನೇ ತಗೋ ಅನ್ನುತ್ತಿದ್ದಾರೆ. ಯಾವುದು ತೆಗೆದುಕೊಳ್ಳಲಿ? ನೋಡುವಾಗ ಏನೇನು ಗಮನಿಸಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. 56 ಸೈಜಿನ ಕಾರ್ಬನ್ ಸೈಕಲನ್ನು ಬಿಟ್ಟುಬಿಡಿ. 52ರದ್ದನ್ನು ಇನ್ನೊಮ್ಮೆ ಹೋಗಿ, ಹಗಲು ಬೆಳಕಿನಲ್ಲಿ, ನಿಧಾನವಾಗಿ ನೋಡಿ. ಕಾರ್ಬನ್ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ನಿಮ್ಮ ಎತ್ತರದವರಿಗೆ ಸಾಮಾನ್ಯವಾಗಿ 52, ಹೆಚ್ಚೆಂದರೆ 54 ಹೊಂದುತ್ತದೆ. 56 ನಿಮಗೆ ದೊಡ್ಡದಾಗುತ್ತದೆ.

ಹಳೆ ಸೈಕಲ್ ನೋಡುವಾಗ ನಾನು ಮನಸ್ಸಿನಲ್ಲೇ ಎರಡು ಗುಂಪು ಮಾಡಿಕೊಳ್ಳುತ್ತೇನೆ. ಚೈನು, ಟೈರು, ಕೇಬಲ್, ಬ್ರೇಕ್ ಶೂ, ಸೀಟು, ಹ್ಯಾಂಡಲ್ ಟೇಪು ಇವೆಲ್ಲ ಸವೆಯುವ ವಸ್ತುಗಳು. ಹೊಸ ಸೈಕಲ್ ಕೊಂಡರೂ ಒಂದು ದಿನ ಬದಲಾಯಿಸಲೇಬೇಕು. ಇನ್ನೊಂದು ಗುಂಪಿನಲ್ಲಿ ಇರುವುದು ಎರಡೇ: ಫ್ರೇಮಿನ ಸೈಜು ಮತ್ತು ಫ್ರೇಮಿನ ಗಟ್ಟಿತನ. ಸೈಜು ತಪ್ಪಿದರೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ. ಫ್ರೇಮು ಬಿರುಕು ಬಿಟ್ಟಿದ್ದರೆ ಬಹುಮಟ್ಟಿಗೆ ಹಾಗೆಯೇ. ಮೊದಲ ಸಲ ಕೊಳ್ಳುವವರ ಕಣ್ಣು ಮಾತ್ರ ಕಿತ್ತ ಟೇಪಿನ ಮೇಲೆ, ಗೀರಿನ ಮೇಲೆ ಹೋಗುತ್ತದೆ. ಮಾರುವವರಿಗೂ ಅದು ಗೊತ್ತು, ಅದಕ್ಕೇ ಅದನ್ನೇ ಉಜ್ಜಿ ಹೊಳೆಸಿರುತ್ತಾರೆ. ಮೇಲೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಆ ಮಾತು ಸೈಕಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಸೈಜಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 52, 56 ಅನ್ನುವ ಅಂಕಿ ಸೆಂಟಿಮೀಟರ್ ಲೆಕ್ಕ. ಹಿಂದೆ ಪೆಡಲ್ ಅಚ್ಚಿನ (ಎರಡೂ ಪೆಡಲ್ ತೋಳುಗಳು ಸುತ್ತುವ ನಡು ಅಚ್ಚಿನ) ಮಧ್ಯದಿಂದ ಸೀಟಿನ ಕೆಳಗಿನ ಕೊಳವೆಯ ತುದಿವರೆಗಿನ ಉದ್ದವೇ ಆ ಅಂಕಿ ಆಗಿತ್ತು. ಈಗಿನ ಫ್ರೇಮುಗಳಲ್ಲಿ ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರಾಗಿರುತ್ತದೆ. ಹಾಗಾಗಿ ಆ ಅಂಕಿ ಹೆಸರಿಗೆ ಮಾತ್ರ, ಒಂದು ಕಂಪನಿಯ 52 ಇನ್ನೊಂದರ 54ಕ್ಕೆ ಹತ್ತಿರ ಇರಬಹುದು. ಹೋಲಿಸಿ ನೋಡಬೇಕಾದದ್ದು ಸ್ಟ್ಯಾಕ್ ಮತ್ತು ರೀಚ್. ಪೆಡಲ್ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿ ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಅನ್ನುವುದು ರೀಚ್. ಮಾಡೆಲ್ ಹೆಸರು ಮತ್ತು ವರ್ಷ ಗೊತ್ತಿದ್ದರೆ ಕಂಪನಿಯ ಅಳತೆ ಪಟ್ಟಿಯಲ್ಲಿ ಎರಡೂ ಸಿಗುತ್ತವೆ.

ನಿಮ್ಮ ಅಳತೆ ತೆಗೆಯುವುದು ಸುಲಭ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಷ್ಟು ಒತ್ತಡ ಬರುವ ಹಾಗೆ ಮೇಲಕ್ಕೆ ಎಳೆಯಿರಿ. ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಿರಿ. 78 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ. ಅದನ್ನು 0.665ರಿಂದ ಗುಣಿಸಿದರೆ ಹೆಚ್ಚುಕಡಿಮೆ 52, ಅದು ಫ್ರೇಮಿನ ಅಂದಾಜು. 0.883ರಿಂದ ಗುಣಿಸಿದರೆ ಹೆಚ್ಚುಕಡಿಮೆ 69, ಅದು ಪೆಡಲ್ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. ಇವೆರಡೂ ಶುರು ಮಾಡಲು ಬೇಕಾದ ಅಂದಾಜುಗಳು ಅಷ್ಟೇ, ಆಮೇಲೆ ನಿಮ್ಮ ಮೈಗೆ ತಕ್ಕಂತೆ ಚೂರುಪಾರು ಬದಲಾಗುತ್ತವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಮೊದಲ ರೋಡ್ ಸೈಕಲ್ ನನಗಿಂತ ಒಂದು ಸೈಜು ದೊಡ್ಡದಿತ್ತು. ಅರ್ಧ ಗಂಟೆ ಓಡಿಸಿದರೆ ಅಂಗೈ ಜೋಮು ಹಿಡಿಯುತ್ತಿತ್ತು, ಕತ್ತು ನೋಯುತ್ತಿತ್ತು. ಅಭ್ಯಾಸ ಆಗಿಲ್ಲ, ಸರಿಹೋಗುತ್ತದೆ ಅಂತ ತಿಂಗಳುಗಟ್ಟಲೆ ತಡೆದುಕೊಂಡೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ 110 ಮಿ.ಮೀ. ಇತ್ತು, 80ರದ್ದು ಹಾಕಿಸಿದೆ. ಕೈ ಸ್ವಲ್ಪ ಹತ್ತಿರ ಬಂತು, ಆದರೆ ಸೈಕಲ್ಲು ತಿರುವಿನಲ್ಲಿ ಬೇರೆಯೇ ಥರ ವರ್ತಿಸತೊಡಗಿತು. ಕೊನೆಗೆ ಗೆಳೆಯನೊಬ್ಬನ ಸರಿಯಾದ ಸೈಜಿನ ಸೈಕಲ್ ಒಂದು ದಿನ ಓಡಿಸಿದೆ. ಎರಡು ಗಂಟೆ ಆದರೂ ಕೈ ನೆನಪೇ ಆಗಲಿಲ್ಲ. ಅಂದೇ ನನ್ನದನ್ನು ಮಾರಲು ತೀರ್ಮಾನ ಮಾಡಿದೆ. ಚಿಕ್ಕ ಫ್ರೇಮನ್ನು ಉದ್ದದ ಸ್ಟೆಮ್ ಹಾಕಿ, ಸೀಟು ಎತ್ತರಿಸಿ ಒಂದಿಷ್ಟು ಹಿಗ್ಗಿಸಬಹುದು. ದೊಡ್ಡದನ್ನು ಕುಗ್ಗಿಸಲು ಬರುವುದಿಲ್ಲ.

ಸೈಕಲ್ ಮೇಲೆ ಕೂತಾಗ ಹೀಗೆ ನೋಡಿ. ಬ್ರೇಕ್ ಲಿವರ್‌ನ ರಬ್ಬರ್ ಗುಬಟಿನ ಮೇಲೆ ಕೈ ಇಡಿ. ಮೊಣಕೈ ಸ್ವಲ್ಪ ಮಡಚಿರಬೇಕು, ಹೆಗಲು ಕಿವಿಯ ಹತ್ತಿರ ಏರಿರಬಾರದು. ಕೈ ಕೋಲಿನ ಹಾಗೆ ನೆಟ್ಟಗಾದರೆ ಸೈಕಲ್ ಉದ್ದವಾಯಿತು. ಕೆಳಗಿಳಿದು ಮೇಲಿನ ಕೊಳವೆಯ ಎರಡೂ ಕಡೆ ಕಾಲಿಟ್ಟು ನಿಂತಾಗ ತೊಡೆಸಂದಿಗೆ ಕೊಳವೆ ಒತ್ತಬಾರದು.

ಸೈಜು ಸರಿ ಇದ್ದರೆ ಮುಂದಿನದು ಫ್ರೇಮು. ಒಂದು ಚಿಕ್ಕ ಟಾರ್ಚು, ಒಂದು ಬಟ್ಟೆ ಜೊತೆಗಿರಲಿ. ಸೈಕಲ್ಲನ್ನು ಯಾರಾದರೂ ಹಿಡಿದಿರಲಿ, ನೀವು ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಹ್ಯಾಂಡಲ್ ಕೂರುವ ಮುಂಭಾಗದ ಗಿಡ್ಡ ಕೊಳವೆಯಿಂದ ಪೆಡಲ್ ಕಡೆಗೆ ಇಳಿಯುವ ದಪ್ಪ ಕೊಳವೆ ಇದೆಯಲ್ಲ, ಅವೆರಡೂ ಸೇರುವ ಜಾಗದ ಕೆಳಭಾಗಕ್ಕೆ ಬೆರಳು ಹಚ್ಚಿ. ಕಣ್ಣಿಗಿಂತ ಬೆರಳೇ ಇಲ್ಲಿ ಚೆನ್ನಾಗಿ ನೋಡುತ್ತದೆ. ಬೆಸುಗೆಯಿಂದ ಎರಡು ಮೂರು ಸೆಂ.ಮೀ. ಹಿಂದೆ ಕೊಳವೆ ನುಣ್ಣಗೆ ಸಾಗಬೇಕು. ಅಲ್ಲಿ ಬಟ್ಟೆ ಮಡಿಕೆಯಂತೆ ಸಣ್ಣ ಅಲೆ ಸಿಕ್ಕರೆ, ಇಲ್ಲವೇ ಬಣ್ಣ ಅಡ್ಡಡ್ಡ ಬಿರಿದಿದ್ದರೆ, ಆ ಸೈಕಲ್ ಎದುರಿಗೆ ಏನಕ್ಕೋ ಜೋರಾಗಿ ಗುದ್ದಿದೆ ಎಂದೇ ಅರ್ಥ. ಮುಂದಿನ ಚಕ್ರ ಹಿಂದಕ್ಕೆ ತಳ್ಳಿದಾಗ ಕೊಳವೆ ಮಡಚಿ ಹಾಗಾಗುತ್ತದೆ. ಮೇಲಿನ ಕೊಳವೆಯ ಕೆಳಮೈಯಲ್ಲೂ ಹೀಗೇ ನೋಡಿ. ಅಲೆ ಸಿಕ್ಕಿದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಅಲ್ಯೂಮಿನಿಯಂ ಫ್ರೇಮಿನಲ್ಲಿ ಬೆಸುಗೆಗಳ ಅಂಚನ್ನು ಒಂದೊಂದಾಗಿ ನೋಡಿ, ಮುಖ್ಯವಾಗಿ ಪೆಡಲ್ ಅಚ್ಚಿನ ಸುತ್ತ ಮತ್ತು ಸೀಟಿನ ಕೊಳವೆಯ ಮೇಲ್ತುದಿಯಲ್ಲಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಬಟ್ಟೆಯಿಂದ ಒರೆಸಿ. ಕೊಳೆಯಾದರೆ ಹೋಗುತ್ತದೆ. ಹೋಗದಿದ್ದರೆ ಉಗುರು ಆಡಿಸಿ. ಉಗುರು ಸಿಕ್ಕಿಹಾಕಿಕೊಂಡರೆ ಬಿರುಕು ಎಂದೇ ತಿಳಿದು ಬಿಟ್ಟುಬಿಡಿ. ಉಕ್ಕಿನ ಫ್ರೇಮ್ ಆದರೆ ಮೇಲ್ಮೈ ತುಕ್ಕಿಗೆ ಹೆದರಬೇಡಿ. ಬಣ್ಣ ಗುಳ್ಳೆ ಎದ್ದಿದ್ದರೆ ಮಾತ್ರ ಒಳಗಿನಿಂದ ತಿಂದಿದೆ ಅಂತ ಲೆಕ್ಕ.

ಇಲ್ಲಿ ಹೆಚ್ಚಿನವರು ಮರೆಯುವ ಒಂದು ಪರೀಕ್ಷೆ ಇದೆ. ಸೀಟಿನ ಕಂಬದ ಬೋಲ್ಟ್ ಸಡಿಲ ಮಾಡಿ ಎರಡು ಸೆಂ.ಮೀ. ಮೇಲೆ ಕೆಳಗೆ ಆಡಿಸಿ ತೋರಿಸಲು ಹೇಳಿ. ವರ್ಷಗಟ್ಟಲೆ ಬಿಚ್ಚದೆ ಬಿಟ್ಟ ಕಂಬ ಫ್ರೇಮಿಗೆ ಕಚ್ಚಿಕೊಂಡುಬಿಡುತ್ತದೆ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬ, ಮೇಲೆ ಬೆವರು, ಮಳೆ ನೀರು ಸೇರಿದರಂತೂ ಕಥೆ ಮುಗಿಯಿತು. ಅಂಥ ಕಂಬ ತೆಗೆಯಲು ಹೋಗಿ ಫ್ರೇಮೇ ಹಾಳಾಗಿದ್ದನ್ನು ನೋಡಿದ್ದೇನೆ. “ಇದೇ ಎತ್ತರ ನಿಮಗೆ ಸರಿಹೋಗುತ್ತೆ ಬಿಡಿ” ಅಂದರೆ ಒಪ್ಪಬೇಡಿ. ಅಲುಗಾಡಿಸಿ ತೋರಿಸಲಿ.

ಕಾರ್ಬನ್ ಬಗ್ಗೆಯೂ ಹೇಳಿಬಿಡುತ್ತೇನೆ, ಮುಂದೆ ನಿಮ್ಮ ಸೈಜಿನದ್ದೇ ಸಿಗಬಹುದು. ಕಾರ್ಬನ್ನಿಗೆ ವಯಸ್ಸಿಗಿಂತ ಪೆಟ್ಟು ದೊಡ್ಡ ಶತ್ರು. ಅಲ್ಯೂಮಿನಿಯಂ ಪೆಟ್ಟು ತಿಂದರೆ ತಗ್ಗು ಬಿದ್ದು ಹೇಳುತ್ತದೆ. ಕಾರ್ಬನ್ ಮೇಲೆ ನೆಟ್ಟಗಿದ್ದು ಒಳಗೆ ಪದರ ಬಿಟ್ಟಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಸದ್ದು ಒಂದೇ ಥರ ಟಣ್ ಅನ್ನಬೇಕು. ಒಂದು ಕಡೆ ಡಬ್ ಅಂತ ಸತ್ತ ಸದ್ದು ಬಂದರೆ ಅನುಮಾನ ಪಡಿ. ಆದರೆ ಸದ್ದು ಚೆನ್ನಾಗಿದೆ ಅಂದ ಮಾತ್ರಕ್ಕೆ ಫ್ರೇಮು ಚೆನ್ನಾಗಿದೆ ಅಂತಲ್ಲ, ಕೊಳವೆಯ ದಪ್ಪ ಬದಲಾದ ಕಡೆಯೂ ಸದ್ದು ಬದಲಾಗುತ್ತದೆ. ಜಾಸ್ತಿ ಗಮನ ಬೇಕಾದದ್ದು ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ. ಓಡುವಾಗ ಅದು ಮುರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಾಗಾಗಿ ಇತಿಹಾಸ ಗೊತ್ತಿಲ್ಲದ ಕಾರ್ಬನ್ನನ್ನು ಮೊದಲ ಸೈಕಲ್ಲಾಗಿ ಕೊಳ್ಳಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೀವು ನೋಡಿದ ಆ ಅಲ್ಟೆಗ್ರಾ ಸೈಕಲ್ಲಿಗೆ ಇನ್ನೊಂದು ತೊಡಕೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶಿಮಾನೊ ತನ್ನ 11 ಗೇರಿನ ಕೆಲವು ಕ್ರ್ಯಾಂಕುಗಳನ್ನು (ಪೆಡಲ್ ಕೂರುವ ತೋಳುಗಳನ್ನು) ತಪಾಸಣೆಗೆ ವಾಪಸ್ ಕರೆಯಿತು. ಟೊಳ್ಳು ಕ್ರ್ಯಾಂಕಿನ ಎರಡು ಭಾಗಗಳನ್ನು ಅಂಟಿಸಿದ ಜಾಗ ಬಿಟ್ಟುಕೊಂಡು, ಕ್ರ್ಯಾಂಕ್ ಸೀಳಿ ಮುರಿಯುತ್ತಿತ್ತು. 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದವು ಇದರಲ್ಲಿ ಬರುತ್ತವೆ: ಅಲ್ಟೆಗ್ರಾದ ಎಫ್‌ಸಿ-6800, ಎಫ್‌ಸಿ-ಆರ್8000, ಡ್ಯೂರಾ-ಏಸ್‌ನ ಎಫ್‌ಸಿ-9000, ಎಫ್‌ಸಿ-ಆರ್9100 ಮತ್ತು ಅದರ ಪವರ್ ಮೀಟರ್ (ತುಳಿತದ ಶಕ್ತಿ ಅಳೆಯುವ) ಮಾಡೆಲ್. ಅಮೆರಿಕ ಒಂದರಲ್ಲೇ ಸುಮಾರು 6,80,000 ಕ್ರ್ಯಾಂಕುಗಳು ಈ ಪಟ್ಟಿಯಲ್ಲಿದ್ದವು. ಕ್ರ್ಯಾಂಕಿನ ಹಿಂಬದಿಯಲ್ಲಿ ಪೆಡಲ್ ಹತ್ತಿರ ಎರಡು ಅಕ್ಷರದ ತಯಾರಿಕಾ ಕೋಡ್ ಇರುತ್ತದೆ, ಅದನ್ನು ಶಿಮಾನೊ ಕೊಟ್ಟಿರುವ ಪಟ್ಟಿಯೊಂದಿಗೆ ಹೋಲಿಸಬೇಕು. ಯಾರಾದರೂ ಈ ಮಾಡೆಲ್ ಮಾರುತ್ತಿದ್ದರೆ “ತಪಾಸಣೆ ಮಾಡಿಸಿದ್ದೀರಾ?” ಅಂತ ಮುಲಾಜಿಲ್ಲದೆ ಕೇಳಿ. ನಿಮ್ಮ ಸೋರಾಗೆ ಈ ಚಿಂತೆ ಇಲ್ಲ.

ಈಗ ಆ 52ರ ಗೀರುಗಳಿಗೆ ಬರೋಣ. ಗೀರು ಅಂದರೆ ಸೈಕಲ್ಲಿನ ದಿನಚರಿ, ಅದನ್ನು ಓದಲು ಕಲಿಯಬೇಕು. ಕೊಳವೆಗಳ ಮೇಲೆ ಅಲ್ಲೊಂದು ಇಲ್ಲೊಂದು ಇದ್ದರೆ ಗೋಡೆಗೆ ಒರಗಿಸಿದ್ದು, ಬೇರೆ ಸೈಕಲ್ ತಾಗಿದ್ದು. ಆದರೆ ಬಲಗಡೆಯ ಬ್ರೇಕ್ ಲಿವರ್‌ನ ಹೊರಮೈ, ಬಲ ಪೆಡಲ್ ತುದಿ, ಸೀಟಿನ ಬಲ ಅಂಚು, ಹಿಂದಿನ ಗೇರಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ನಾಲ್ಕೂ ಉಜ್ಜಿಹೋಗಿದ್ದರೆ ಸೈಕಲ್ ಬಲಕ್ಕೆ ಬಿದ್ದು ರಸ್ತೆ ಮೇಲೆ ಜಾರಿದೆ. ಅಲ್ಯೂಮಿನಿಯಂ ಸೈಕಲ್ಲಿಗೆ ಇಷ್ಟಕ್ಕೇ ಬೇಡ ಅನ್ನಬೇಕಿಲ್ಲ. ಡಿರೇಲರ್ ನೇತುಬಿದ್ದಿರುವ ಹ್ಯಾಂಗರ್ ಬಾಗಿದೆಯೇ ನೋಡಿದರೆ ಸಾಕು. ಸೈಕಲ್ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಡಿರೇಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೇ ಇರಬೇಕು. ಕೆಳಗಿನ ಗಾಲಿ ಚಕ್ರದ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಹಾಗೇ ಬಿಟ್ಟು ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ಗೇರು ಹಾಕಿದರೆ ಡಿರೇಲರ್ ಕಡ್ಡಿಗಳೊಳಗೆ ಸಿಕ್ಕಿಕೊಂಡು ಎಲ್ಲ ಮುರಿಯಬಹುದು. ಸಾಮಾನ್ಯವಾಗಿ ಹ್ಯಾಂಗರ್ ಬಿಚ್ಚಿ ಬದಲಾಯಿಸುವ ಚಿಕ್ಕ ತುಂಡು, ಹೊಸದು ಸಿಗುತ್ತದೆ.

ಚೈನಿಗೆ ಒಂದು ಸ್ಕೇಲ್ ಸಾಕು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ಮಧ್ಯಕ್ಕೆ ಹಿಡಿದು 12 ಇಂಚಿನ ಹತ್ತಿರ ನೋಡಿ. ಪಿನ್ನು 1/16 ಇಂಚು, ಅಂದರೆ ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ ಬಂದಿದೆ. 1/8 ಇಂಚು, ಅಂದರೆ ಮೂರು ಮಿ.ಮೀ. ದಾಟಿದ್ದರೆ ಹಿಂದಿನ ಹಲ್ಲುಚಕ್ರಗಳ ಗುಂಪು, ಅಂದರೆ ಕ್ಯಾಸೆಟ್ಟೂ ಅದರ ಜೊತೆ ಸವೆದಿರುತ್ತದೆ. ಹೊಸ ಚೈನು ಮಾತ್ರ ಹಾಕಿದರೆ ಹಲ್ಲಿನ ಮೇಲೆ ಕೂರದೆ ಜಿಗಿಯುತ್ತದೆ. ಎರಡನ್ನೂ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ.

ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಶೂ ಮತ್ತು ರಿಮ್ ನಡುವಿನ ಸಂದನ್ನೇ ನೋಡುತ್ತಿರಿ. ಸ್ವಲ್ಪ ಬೆಂಡ್ ಇದ್ದರೆ ತೆಗೆಸಬಹುದು. ರಿಮ್ಮಿಗೇ ಉಜ್ಜುವ ಬ್ರೇಕ್ ಇದ್ದರೆ ರಿಮ್ಮಿನ ಪಕ್ಕದ ಮೈಯೂ ಸವೆಯುತ್ತದೆ ಅನ್ನುವುದು ಅನೇಕರಿಗೆ ಗೊತ್ತಿರುವುದಿಲ್ಲ. ಸ್ಕೇಲಿನ ಅಂಚನ್ನು ಅಲ್ಲಿ ನೆಟ್ಟಗೆ ಹಿಡಿದು ನೋಡಿ. ನಡುವೆ ತಟ್ಟೆಯ ಹಾಗೆ ಗುಳಿ ಬಿದ್ದಿದ್ದರೆ ರಿಮ್ ತೆಳ್ಳಗಾಗಿದೆ. ಗಾಳಿಯ ಒತ್ತಡಕ್ಕೇ ಅದು ಸಿಡಿಯಬಹುದು. ಕೆಲವು ರಿಮ್ಮುಗಳಲ್ಲಿ ಸವೆತ ತಿಳಿಯಲೆಂದೇ ಪುಟ್ಟ ಕುಳಿಯೋ ಗೆರೆಯೋ ಇರುತ್ತದೆ. ಅದು ಮಾಯವಾಗಿದ್ದರೆ ರಿಮ್ಮಿನ ಆಯುಸ್ಸು ಮುಗಿದಿದೆ. ಡಿಸ್ಕ್ ಬ್ರೇಕ್ ಆದರೆ ತಟ್ಟೆಯ ದಪ್ಪ ಕೇಳಿ. ಶಿಮಾನೊದ್ದು ಹೊಸದರಲ್ಲಿ 1.8 ಮಿ.ಮೀ. ಇರುತ್ತದೆ, 1.5ಕ್ಕೆ ಇಳಿದರೆ ಬದಲಾಯಿಸಬೇಕು.

ಅಲ್ಲಾಡುವ ಕಡೆಗಳನ್ನು ಬೇಗ ಮುಗಿಸಬಹುದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಟಕ್ ಟಕ್ ಅಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಸಡಿಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುಮಧ್ಯದಲ್ಲಿ ಕಚ್ಚಿ ನಿಂತರೆ ಅದರ ಬೇರಿಂಗ್ ಹೋಗಿದೆ. ಕ್ರ್ಯಾಂಕ್ ಹಿಡಿದು ಫ್ರೇಮಿನ ಕಡೆಗೆ ಅಡ್ಡಡ್ಡ ಅಲ್ಲಾಡಿಸಿ, ಚಕ್ರವನ್ನೂ ಹಾಗೇ. ಆಟ ಇರಬಾರದು. ಇವೆಲ್ಲ ರಿಪೇರಿ ಆಗುವಂಥವೇ.

ಗೇರು ಬದಲಿಸುವ ಲಿವರ್ ಮಾತ್ರ ದುಬಾರಿ ವಸ್ತು. ಬ್ರೇಕೂ ಗೇರೂ ಒಂದೇ ಲಿವರಿನಲ್ಲಿ ಇರುವ ವ್ಯವಸ್ಥೆಯನ್ನು ಶಿಮಾನೊ 1990ರಲ್ಲಿ ತಂದಿತು. ಅದರೊಳಗೆ ಗಡಿಯಾರದಂಥ ಸಣ್ಣ ಸಣ್ಣ ಭಾಗಗಳಿವೆ, ಬಿಚ್ಚಿ ರಿಪೇರಿ ಮಾಡುವವರು ಕಡಿಮೆ. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸುತ್ತಾ ಎಲ್ಲ 9 ಗೇರನ್ನೂ ಒಂದೊಂದಾಗಿ ಮೇಲೆ ಹಾಕಿ, ಕೆಳಗೆ ಇಳಿಸಿ. ಪ್ರತಿ ಸಲವೂ ಕ್ಲಿಕ್ ಅನ್ನಬೇಕು. ಲಿವರ್ ಒತ್ತಿದರೂ ಏನೂ ಕಚ್ಚದೆ ಸುಮ್ನೆ ಓಡಾಡಿದರೆ ಒಳಗಿನ ಗ್ರೀಸು ಒಣಗಿ ಅಂಟಾಗಿರಬಹುದು. ಕೆಲವೊಮ್ಮೆ ಎಣ್ಣೆ ಸ್ಪ್ರೇ ಮಾಡಿ ತೊಳೆದರೆ ಸರಿಹೋಗುತ್ತದೆ. ಆದರೂ ಬೆಲೆ ಮಾತಾಡುವಾಗ ಲಿವರ್ ಕೆಟ್ಟಿದೆ ಅಂತಲೇ ಹಿಡಿಯಿರಿ.

ಅಲ್ಟೆಗ್ರಾ, ಸೋರಾ ಅನ್ನುವ ಹೆಸರುಗಳ ವಿಷಯ. ಶಿಮಾನೊದಲ್ಲಿ ಕೆಳಗಿನಿಂದ ಮೇಲಕ್ಕೆ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯೂರಾ-ಏಸ್ ಅಂತ ಸಾಲಿದೆ. ಮೇಲೆ ಹೋದಂತೆ ತೂಕ ಇಳಿಯುತ್ತದೆ, ಗೇರು ನಯವಾಗುತ್ತದೆ, ಬಿಡಿಭಾಗದ ಬೆಲೆಯೂ ಏರುತ್ತದೆ. ಹೊಸಬರಿಗೆ ಹೆಸರಿಗಿಂತ ಹಲ್ಲಿನ ಲೆಕ್ಕ ಮುಖ್ಯ. ಮುಂದೆ ಚಿಕ್ಕ ಚಕ್ರದಲ್ಲಿ 34 ಹಲ್ಲು, ಹಿಂದೆ ದೊಡ್ಡದರಲ್ಲಿ 32 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.2 ಮೀಟರ್ ಹೋಗುತ್ತದೆ. ಹಳೆಯ ರೇಸ್ ಸೈಕಲ್ಲುಗಳ 39 ಮತ್ತು 25ರಲ್ಲಿ ಸುಮಾರು 3.3 ಮೀಟರ್. ಸಮತಟ್ಟಿನಲ್ಲಿ ಇದು ಗೊತ್ತಾಗುವುದಿಲ್ಲ. ಏರಿನಲ್ಲಿ ಮೊಣಕಾಲಿಗೆ ಗೊತ್ತಾಗುತ್ತದೆ. ನೀವು ನೋಡಿದ ಸೋರಾದಲ್ಲಿ ಹಲ್ಲು ಎಣಿಸಿಬಿಡಿ. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ (50/34) ಇದ್ದರೆ ನಿಮಗೆ ಒಳ್ಳೆಯದು.

ಟೈರಿನ ಪಕ್ಕದ ಗೋಡೆಯಲ್ಲಿ ಬಿರುಕಿದ್ದರೆ ಬದಲಾಯಿಸಬೇಕು. ಅದಕ್ಕಿಂತ ಮುಖ್ಯವಾಗಿ ಫ್ರೇಮಿನೊಳಗೆ ಎಷ್ಟು ಅಗಲದ ಟೈರು ಹಿಡಿಸುತ್ತದೆ ನೋಡಿ. 28 ಮಿ.ಮೀ. ಹಿಡಿಸಿದರೆ ಹದಗೆಟ್ಟ ರಸ್ತೆಯಲ್ಲೂ ಆರಾಮ. ಹಳೆಯ ಉಕ್ಕಿನ ಸೈಕಲ್ ನೋಡಲು ಹೋದರೆ ಟೈರಿನ ಮೇಲೆ 622 ಅಂತ ಇದೆಯೋ 630 ಅಂತ ಇದೆಯೋ ಓದಿ. 622 ಇವತ್ತಿನ ರೋಡ್ ಸೈಕಲ್ಲುಗಳ ಅಳತೆ. 630 ಅಂದರೆ ಹಳೆಯ 27 ಇಂಚಿನದ್ದು, ಟೈರು ಹುಡುಕಲು ಕಷ್ಟಪಡುತ್ತೀರಿ.

ಓಡಿಸಿ ನೋಡುವ ಮೊದಲು ನಿಂತಲ್ಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. ಲಿವರ್ ಹ್ಯಾಂಡಲ್‌ಗೆ ತಾಗಿಬಿಟ್ಟರೆ ಏರಲೇಬೇಡಿ. ಪೆಡಲ್ಲಿನಲ್ಲಿ ಶೂ ಸಿಕ್ಕಿಸುವ ಕ್ಲಿಪ್ ಇದ್ದರೆ ಸಾದಾ ಪೆಡಲ್ ಹಾಕಿಸಿಕೊಳ್ಳಿ. ಎಡ ಪೆಡಲ್ಲಿನ ತಿರುಪು ಉಲ್ಟಾ ಎಂಬುದು ನೆನಪಿರಲಿ. ವಾಹನ ಇಲ್ಲದ ಕಡೆ ಹತ್ತು ಹದಿನೈದು ನಿಮಿಷವಾದರೂ ಓಡಿಸಿ. ಎದ್ದು ನಿಂತು ತುಳಿದು ಕಿರ್ ಸದ್ದು ಕೇಳುತ್ತದೆಯೇ ಗಮನಿಸಿ. ಚಿಕ್ಕ ಫ್ರೇಮುಗಳಲ್ಲಿ ನಿಧಾನವಾಗಿ ತಿರುಗಿಸುವಾಗ ಕಾಲ ಬೆರಳು ಮುಂದಿನ ಚಕ್ರಕ್ಕೆ ತಾಗಬಹುದು. ಅದು ದೋಷವಲ್ಲ, ತಿಳಿದಿದ್ದರೆ ಬೀಳುವುದಿಲ್ಲ.

ಮಾರುವವರ ಹತ್ತಿರ ಮಾತಾಡಿ. ಚೈನು ಯಾವಾಗ ಬದಲಾಯಿಸಿದ್ದು, ಬಿದ್ದಿತ್ತಾ, ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಓಡಿಸುತ್ತಿದ್ದರಾ ಅಂತ ಕೇಳಿ. ಟ್ರೈನರ್ ಮೇಲೆ ಸುರಿದ ಬೆವರು ಟೇಪಿನಡಿಯ ಅಲ್ಯೂಮಿನಿಯಂ ಹ್ಯಾಂಡಲನ್ನು ತಿಂದಿರುತ್ತದೆ. 52ರ ಟೇಪು ಹೇಗೂ ಕಿತ್ತಿದೆ ಅಲ್ವಾ, ಇನ್ನಷ್ಟು ಬಿಡಿಸಿ ಒಳಗೆ ಬಿಳಿ ಪುಡಿ, ಗುಳಿ ಇದೆಯೇ ನೋಡಿಬಿಡಿ. ಸೈಕಲ್ ತಲೆಕೆಳಗು ಮಾಡಿ ಪೆಡಲ್ ಅಚ್ಚಿನಡಿಯ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಕೊಂಡಾಗಿನ ಬಿಲ್ ಕೇಳಿ. ನಂಬರ್ ಉಜ್ಜಿ ಅಳಿಸಿದ್ದರೆ ಅದು ಕದ್ದ ಮಾಲು ಅಂತಲೇ ತಿಳಿದು ಹೊರಟುಬಿಡಿ. ಅವರು ಸೈಕಲ್ ಜೊತೆ ಹಳೆಯ ಹೆಲ್ಮೆಟ್ ಉಚಿತವಾಗಿ ಕೊಟ್ಟರೂ ಹಾಕಿಕೊಳ್ಳಬೇಡಿ, ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಕಾಯುವುದಿಲ್ಲ. ಅದೊಂದನ್ನು ಹೊಸದೇ ಕೊಳ್ಳಿ.

ಕೈಯಲ್ಲಿರುವ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯಬೇಡಿ. ನಾಲ್ಕರಲ್ಲಿ ಒಂದು ಪಾಲು ತೆಗೆದಿಟ್ಟುಕೊಳ್ಳಿ. ಕೇಬಲ್, ಬ್ರೇಕ್ ಶೂ, ಟೇಪು, ಬೇಕಾದರೆ ಚೈನು ಮತ್ತು ಟೈರು ಅದರಲ್ಲಿ ಆಗುತ್ತವೆ. ಸೈಕಲ್ ಮನೆಗೆ ಬಂದ ದಿನ ಸೀಟನ್ನು ಆ 69ರ ಅಂದಾಜಿಗೆ ಇಟ್ಟು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ಒತ್ತಿ. ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಮಾತ್ರ ಪಕ್ಕಕ್ಕೆ ವಾಲಬಾರದು. ಮೊದಲ ನಾಲ್ಕೈದು ಸಲ ಅರ್ಧ ಗಂಟೆಯಷ್ಟೇ ಓಡಿಸಿ. ಆಮೇಲೂ ಅಂಗೈ ಜೋಮು ಹಿಡಿದರೆ ಸೀಟಿನ ಮೂತಿ ಕೆಳಗೆ ಬಾಗಿದೆಯೇ ನೋಡಿ. ಹಾಗಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ, ಸೀಟನ್ನು ಮಟ್ಟ ಮಾಡಿ ಮತ್ತೆ ಓಡಿಸಿ.